ಸಾಹೇಬರ ಗೋರಿ, ನಂದಗಡದ ಆಲ

ಬೆಳಗಾವಿ ಕ್ಯಾಂಪಿನ ಹಳೇ ಗೋರಿಗಳ ನಡುವೆ ಪರದೇಶದವರು ಯಾರಾದರೂ ಕಾಗದ ಹಿಡಿದು ಸುತ್ತುವುದನ್ನು ಕಂಡರೆ ನಮ್ಮವರು ತಲೆದೂಗುತ್ತಾರೆ. ‘ನೋಡ್ರಿ, ಮುತ್ತಜ್ಜನ ಗೋರಿ ಹುಡುಕ್ಕೋತ ಸ್ಕಾಟ್ಲೆಂಡಿನಿಂದ ಬಂದಾರ. ನಮಗ ಅಜ್ಜನ ಅಪ್ಪನ ಹೆಸರು ಕೇಳಿದ್ರ ಗೊತ್ತಿಲ್ಲ.’ ಹೀಗೆ ಹೇಳುವ ಗೆಳೆಯರು ನನಗೂ ಇದ್ದಾರೆ. ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ತಲೆದೂಗಾಟ ಕೊಂಚ ಅವಸರದ್ದು ಅನಿಸುತ್ತದೆ.

ಸ್ಕಾಟರಿಗೂ ಈ ಸೀಮೆಗೂ ನಂಟು ಹಳೆಯದೇ. 1818ರಲ್ಲಿ ಬೆಳಗಾವಿ ಕೋಟೆಯನ್ನು ಹಿಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. 1884ರಲ್ಲಿ ಬಂದ ಬೆಳಗಾವಿ ಗ್ಯಾಸೆಟಿಯರಿನ ಸಂಪಾದಕ ಜೇಮ್ಸ್ ಕ್ಯಾಂಪ್‌ಬೆಲ್ ಕೂಡ ಸ್ಕಾಟನೇ. ಇಂಥವರ ವಂಶಸ್ಥರಿಗೆ ಹುಡುಕಾಟ ಸುಲಭ. ಮುಂಬಯಿ ಪ್ರಾಂತದ ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಮಣ್ಣುಗಳ ಪಟ್ಟಿಯ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಇವತ್ತಿಗೂ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿಂದ ಸ್ಕಾಟ್ಲೆಂಡಿಗೆ ದಾಟಿದರೆ 1855ರಿಂದ ಸರ್ಕಾರಿ ನೋಂದಣಿ, ಅದಕ್ಕೂ ಹಿಂದೆ ಚರ್ಚಿನ ದಫ್ತರು. ತೊಡಕು ಬರುವುದು ಹೆಸರುಗಳಲ್ಲಿ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವುದು ಅವರ ರೂಢಿ. ಹೀಗಾಗಿ ಒಂದೇ ಹಳ್ಳಿಯಲ್ಲಿ ಹತ್ತು ಜನ ಜಾನ್. ಮೂರು ತಲೆಗೊಮ್ಮೆ ಬಸಪ್ಪನನ್ನು ಕಾಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ದಫ್ತರುಗಳನ್ನು ಹಿರಿಯರ ಮೇಲಿನ ಪ್ರೀತಿ ಬರೆಸಿತು ಎಂದುಕೊಳ್ಳುವುದೇ ತಪ್ಪು. ಸತ್ತವನ ಹೆಂಡತಿಗೆ ಪಿಂಚಣಿ ಕೊಡಬೇಕು, ಅವನ ಆಸ್ತಿಗೆ ವಾರಸುದಾರ ಯಾರೆಂದು ತೀರ್ಮಾನಿಸಬೇಕು. ಎರಡಕ್ಕೂ ಕಾಗದ ಬೇಕಿತ್ತು. ನಮ್ಮಲ್ಲಿ ನಡೆದದ್ದೂ ಇದೇ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಕಾಕುಸ್ಥವರ್ಮ, ಶಾಂತಿವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಎಂದು ಐದು ತಲೆಮಾರು ಸಾಲಾಗಿ ನಿಂತಿವೆ. ನಿಂತದ್ದು ಯಾಕೆ? ಜೈನರಿಗೆ ಹೊಲ, ಊರು ದಾನ ಕೊಟ್ಟ ಪತ್ರಗಳು ಅವು. ಭೂಮಿ ಕೈ ಬದಲಾಯಿಸುವಾಗ ಕೊಟ್ಟವನು ಯಾರ ಮಗ ಎಂಬ ಪ್ರಶ್ನೆ ಬಂತು. ಇನಾಮು ಭೂಮಿಯ ಹಕ್ಕು ಪರಿಶೀಲಿಸಿದ 1852ರ ಇನಾಮು ಕಮಿಷನ್ ಕೇಳಿದ್ದೂ ಅದನ್ನೇ, ಇಂದು ವಾರಸಾ ಮಾಡಿಸಲು ಹೋದವನಿಂದ ತಹಶೀಲ್ದಾರ್ ಕಚೇರಿ ಕೇಳುವುದೂ ಅದನ್ನೇ. ಹಾಗೆ ಹೋದವನ ಅಜ್ಜನ ಕಾಗದ ಮರಾಠಿಯ ಹಳೇ ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಿಕೊಂಡು ಮತ್ತೆ ಅಲೆಯಬೇಕು.

ವಂಶಾವಳಿ ಬರೆಸುವುದು ಆಸ್ತಿ, ಪಿಂಚಣಿಗಳೇ ಎಂಬ ಈ ಮಾತಿಗೆ ಅಪವಾದವೂ ಒಬ್ಬ ಸ್ಕಾಟ್ ಎಂಬುದನ್ನು ಒಪ್ಪಬೇಕು. ಎಡಿನ್‌ಬರೋದಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್ 1824ರಲ್ಲಿ ಕಿತ್ತೂರಿನ ಸೆರೆಯಲ್ಲಿದ್ದ. ಅವನ ಮೇಲಧಿಕಾರಿ ಥ್ಯಾಕರೆ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆಯ ಗುಂಡಿಗೆ ಬಿದ್ದಿದ್ದ. ಇಪ್ಪತ್ತೊಂದರ ಈ ಹುಡುಗ ಬಿಡುಗಡೆಯಾದ ಮೇಲೆ ಊರೂರು ತಿರುಗಿ 595 ಶಾಸನಗಳ ಪ್ರತಿ ಮಾಡಿಸಿದ, ಚಾಲುಕ್ಯರ ವಂಶಾವಳಿ ಜೋಡಿಸಲು ಕೂತ. ಯಾವ ಪಿಂಚಣಿಗೂ ಅಲ್ಲ, ಕುತೂಹಲಕ್ಕೆ. ಅವನನ್ನು ಸೆರೆ ಹಿಡಿದ ನೆಲದ ಅರಸರ ತಾತ ಮುತ್ತಾತಂದಿರನ್ನು ಅವನೇ ಹುಡುಕಿದ!

ಬರೆದಿಟ್ಟಿಲ್ಲದ್ದೆಲ್ಲ ಮರೆತುಹೋಗುತ್ತದೆ ಎಂಬ ಮಾತನ್ನೂ ನಾನು ಒಪ್ಪಲಾರೆ. ಖಾನಾಪುರದ ಹತ್ತಿರ ನಂದಗಡಕ್ಕೆ ಹೋಗಿ ನೋಡಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲಿ. ಅವನ ಸಮಾಧಿಯ ಜಾಗವನ್ನು ಜನರಿಗೆ ನೆನಪಿಸಿದ್ದು ಯಾವ ಪಾದ್ರಿಯ ಪಟ್ಟಿಯೂ ಅಲ್ಲ. ಅಲ್ಲೊಂದು ಆಲದ ಮರವಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಕ್ಯಾಂಪಿನಲ್ಲಿ ಹೆಸರು ಕೊರೆದ ಕಲ್ಲನ್ನು ಹುಡುಕಲು ನಕ್ಷೆ ಬೇಕು. ನಂದಗಡದಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಹೆಳವರನ್ನಂತೂ ನಾವು ಮರೆತೇಬಿಟ್ಟಿದ್ದೇವೆ. ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು, ಮನೆತನದ ಮೂಲ ಊರಿನಿಂದ ಹಿಡಿದು ತಲೆಮಾರುಗಳನ್ನು ಹೇಳಿ, ಕಾಳು ಬಟ್ಟೆ ಪಡೆದು ಹೋಗುವವರು. ಸ್ಕಾಟರಲ್ಲೂ ಇಂಥವರಿದ್ದರು. 1249ರಲ್ಲಿ ಮೂರನೇ ಅಲೆಕ್ಸಾಂಡರನಿಗೆ ಸ್ಕೋನ್ ಎಂಬಲ್ಲಿ ಪಟ್ಟ ಕಟ್ಟಿದಾಗ ಗುಡ್ಡಗಾಡಿನ ಮುದುಕನೊಬ್ಬ ಗೇಲಿಕ್ ಭಾಷೆಯಲ್ಲಿ ರಾಜನ ವಂಶಾವಳಿ ಒಪ್ಪಿಸಿದ. ಅವರ ಆ ಪರಂಪರೆ ಅಳಿದು ದಫ್ತರು ಉಳಿಯಿತು. ನಮ್ಮ ಹೆಳವ ಇನ್ನೂ ಬರುತ್ತಾನೆ. ನಾವು ಮೊಬೈಲ್ ನೋಡುತ್ತ ‘ಮುಂದ ಹೋಗಪಾ’ ಅನ್ನುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ಸ್ಕಾಟರ ಕಾಗದಕ್ಕೆ ಕೈ ಮುಗಿಯುತ್ತೇನೆ. ಅವರ ದಾಖಲೆಯಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರು ಅಳಿಯುವುದಿಲ್ಲ, ಎಷ್ಟೋ ಗೋರಿಕಲ್ಲಿನ ಮೇಲೂ ಅದೇ ಇರುತ್ತದೆ. ಆದರೆ ಅದೇ ಸ್ಕಾಟ್ ಇಲ್ಲಿಯ ಹೆಣ್ಣಿನ ಜೊತೆ ಬಾಳಿ ಮಗು ಹುಟ್ಟಿದರೆ ಪಾದ್ರಿಯ ಪುಸ್ತಕದಲ್ಲಿ ತಾಯಿಯ ಹೆಸರು ಎಷ್ಟೋ ಸಲ ಇರುವುದಿಲ್ಲ; ‘ದೇಶೀ ಹೆಂಗಸು’ ಎಂದಷ್ಟೇ ಬರೆದು ಮುಗಿಸಿರುತ್ತಾರೆ. ವಂಶಸ್ಥರಿಗೆ ಅಪ್ಪನ ಕಡೆಯಿಂದ ಗ್ಲಾಸ್ಗೋದ ಓಣಿ ಸಿಗುತ್ತದೆ, ಅಮ್ಮನ ಕಡೆಯಿಂದ ಖಾನಾಪುರದ ಒಂದು ಹಳ್ಳಿಯೂ ಸಿಗುವುದಿಲ್ಲ. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಎಷ್ಟು ಹೆಂಗಸರು ಹೀಗೆ ಕಳೆದುಹೋದರೋ. ನಾವೂ ಇಲ್ಲಿ ಬೀಗುವಂತಿಲ್ಲ. ಹಲಸಿಯ ಪಟದಲ್ಲಿ ಸಾಲಾಗಿ ನಿಂತವರು ಗಂಡಸರು, ಹೆಳವನ ಬಳ್ಳಿ ಹಬ್ಬುವುದೂ ಮುಖ್ಯವಾಗಿ ಗಂಡಸರ ಮೇಲೆಯೇ, ತಹಶೀಲ್ದಾರರಿಗೆ ಕೊಟ್ಟ ವಂಶವೃಕ್ಷದಲ್ಲಿ ‘ಮಯತ’ (ತೀರಿಕೊಂಡವಳು) ಎಂದು ಬರೆಸಿಕೊಂಡ ಅಜ್ಜಿಗೆ ತವರೂರು ಇರುವುದಿಲ್ಲ.

ಮುಂದಿನ ಸುಗ್ಗಿಗೆ ಹೆಳವ ಬಂದರೆ ಕೂಡಿಸಿಕೊಳ್ಳಿ. ಅವನು ಹೇಳಿದ್ದನ್ನು ಬರೆದುಕೊಳ್ಳಿ, ನಿಮ್ಮ ಅಜ್ಜಿಯ ಹೆಸರನ್ನೂ ಅವಳ ತವರೂರನ್ನೂ ಅವನ ಪುಸ್ತಕದಲ್ಲಿ ಬರೆಸಿ. ಅಜ್ಜಿ ಇನ್ನೂ ಇದ್ದರೆ ಸುಗ್ಗಿಯ ತನಕ ಕಾಯಬೇಡಿ, ಇವತ್ತು ಸಂಜೆಯೇ ಕೇಳಿ.