ತೂಕದೊಡನೆ ಎತ್ತರವನ್ನೂ ಅಳೆಯೋಣ

ಮೈತುಂಬಿಕೊಂಡ ಮಗುವೇ ಆರೋಗ್ಯವಂತ ಮಗು ಎಂದು ಬಗೆಯುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ರೂಢಿ. ಬರಗಾಲಗಳನ್ನು ಕಂಡುಂಡ ಹಿರಿಯರಿಗೆ ಹಾಗೆನಿಸಿದ್ದು ಸಹಜವೇ ಆಗಿತ್ತು. ಇಂದು ಪರಿಸ್ಥಿತಿ ಬೇರೆಯಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದುದು 2019-21ರ ವೇಳೆಗೆ ಶೇ. 3.4ಕ್ಕೆ ಏರಿದೆ. ಅದೇ ಸಮೀಕ್ಷೆಯಲ್ಲಿ ಶೇ. 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಕೊರತೆ ಮತ್ತು ಅತಿರೇಕಗಳೆರಡೂ ಇಂದು ಒಂದೇ ಓಣಿಯಲ್ಲಿ ವಾಸಿಸುತ್ತಿವೆ.

ಬಾಲ್ಯದ ಬೊಜ್ಜು ದೊಡ್ಡ ನಗರದ ತಜ್ಞವೈದ್ಯರು ನೋಡತಕ್ಕ ಕಾಯಿಲೆ ಎಂಬ ಭಾವನೆ ಹಲವರಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಅದು ಮೊದಲು ಪತ್ತೆಯಾಗಬೇಕಾದುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಮನೆಮಂದಿಯನ್ನೆಲ್ಲ ಬಲ್ಲ ಹತ್ತಿರದ ವೈದ್ಯರಲ್ಲಿ. ಜ್ವರ, ಕೆಮ್ಮು ಎಂದು ಮಗುವನ್ನು ಕರೆದೊಯ್ದಾಗ ಔಷಧದ ಪ್ರಮಾಣವನ್ನು ನಿರ್ಧರಿಸಲು ತೂಕ ನೋಡುತ್ತಾರೆ. ಎತ್ತರವನ್ನು ಅಳೆಯದೆ ಕಳುಹಿಸುವುದೇ ಹೆಚ್ಚು. ಆದರೆ ತೂಕವೊಂದರಿಂದಲೇ ಬೊಜ್ಜನ್ನು ತಿಳಿಯಲಾಗದು. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ದೇಹ ದ್ರವ್ಯರಾಶಿ ಸೂಚ್ಯಂಕ ದೊರೆಯುತ್ತದೆ. ಹತ್ತು ವರ್ಷದ ಬಾಲಕನ ಎತ್ತರ 140 ಸೆಂ.ಮೀ., ತೂಕ 45 ಕೆ.ಜಿ. ಎಂದುಕೊಳ್ಳೋಣ. ಅವನ ಸೂಚ್ಯಂಕ ಸುಮಾರು 23. ವಯಸ್ಕರಲ್ಲಿ ಇದನ್ನು ಯಾರೂ ಬೊಜ್ಜೆನ್ನುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಂತೆ ಆ ವಯಸ್ಸಿನ ಬಾಲಕರಲ್ಲಿ 21.4ನ್ನು ದಾಟಿದರೆ ಅದು ಬೊಜ್ಜು. ಆದುದರಿಂದ ಕಣ್ಣಂದಾಜು ಸಾಲದು. ಅಳತೆ ಬೇಕು, ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆ ಬೇಕು.

ಕೂಸಿದ್ದಾಗ ತಾಯಿ ಕಾರ್ಡಿನಲ್ಲಿ ತೂಕ ಬರೆಯಿಸುವ ನಾವು, ಶಾಲೆಗೆ ಸೇರಿಸಿದ ಮೇಲೆ ಅದನ್ನು ಮರೆಯುತ್ತೇವೆ. ಬೊಜ್ಜು ಮೆಲ್ಲನೆ ಕೂಡಿಕೊಳ್ಳುವುದು ಆ ವರ್ಷಗಳಲ್ಲಿಯೇ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 5-6, 10 ಮತ್ತು 16ನೆಯ ವಯಸ್ಸಿಗೆ ಲಸಿಕೆಗಳಿವೆ. ಕನಿಷ್ಠ ಈ ಮೂರು ಸಂದರ್ಭಗಳಲ್ಲಿಯಾದರೂ ಎತ್ತರ, ತೂಕಗಳನ್ನು ದಾಖಲಿಸುವ ಪದ್ಧತಿ ಎಲ್ಲೆಡೆ ಬರಬೇಕು.

ಇಷ್ಟೊಂದು ರೋಗಿಗಳ ನಡುವೆ ವೈದ್ಯರಿಗೆ ಇದಕ್ಕೆ ಬಿಡುವೆಲ್ಲಿದೆ, ನಮ್ಮಲ್ಲಿ ಅಪೌಷ್ಟಿಕತೆಯೇ ದೊಡ್ಡ ಸಮಸ್ಯೆಯಲ್ಲವೇ ಎಂದು ಕೇಳುವವರಿದ್ದಾರೆ. ಮಾತು ನ್ಯಾಯವಾದುದೇ. ಆದರೆ ಬಡಕಲಾದ ಮಗುವನ್ನೂ ಬೊಜ್ಜು ಬಂದ ಮಗುವನ್ನೂ ಗುರುತಿಸುವುದು ಅದೇ ತಕ್ಕಡಿ, ಅದೇ ಅಳತೆಪಟ್ಟಿ, ಅದೇ ನಕ್ಷೆ. ಅಳೆಯುವ ಕೆಲಸವನ್ನು ದಾದಿಯರು ಮಾಡಬಲ್ಲರು. ವೈದ್ಯರು ಎರಡು ನಿಮಿಷ ಮಾತನಾಡಿ, ತಿಂಗಳ ಬಳಿಕ ಮತ್ತೆ ಬರಹೇಳಿದರೆ ಚಿಕಿತ್ಸೆ ಆರಂಭವಾದಂತೆಯೇ.

ಬೆಳೆಯುವ ಮಗುವನ್ನು ಉಪವಾಸ ಕೆಡವಿ ಸೊರಗಿಸುವುದು ಚಿಕಿತ್ಸೆಯಲ್ಲ. ಹೆಚ್ಚಿನ ಮಕ್ಕಳಲ್ಲಿ ತೂಕವನ್ನು ಏರಗೊಡದೆ ಹಿಡಿದಿಟ್ಟರೆ ಎತ್ತರವೇ ಉಳಿದ ಕೆಲಸ ಮಾಡುತ್ತದೆ. ಮೇಲೆ ಹೇಳಿದ ಬಾಲಕ ಎರಡು ವರ್ಷಗಳಲ್ಲಿ 150 ಸೆಂ.ಮೀ. ಬೆಳೆದು 45 ಕೆ.ಜಿ.ಯಲ್ಲಿಯೇ ಉಳಿದರೆ ಅವನ ಸೂಚ್ಯಂಕ 20ಕ್ಕೆ ಇಳಿಯುತ್ತದೆ. ಹನ್ನೆರಡರ ವಯಸ್ಸಿಗೆ ಅದು ಬೊಜ್ಜಿನ ಗೆರೆಯಿಂದ ಬಹಳ ಕೆಳಗೆ. ತೀವ್ರ ಬೊಜ್ಜಿದ್ದವರಿಗೆ ಮಾತ್ರ ವೈದ್ಯರ ನಿಗಾದಲ್ಲಿ ತೂಕ ಇಳಿಸಬೇಕಾದೀತು. ಕತ್ತಿನ ಸುತ್ತ ಚರ್ಮ ಕಪ್ಪಾಗಿ ದಪ್ಪಗಾಗಿರುವುದು, ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ಕಟ್ಟುವುದು, ಸೊಂಟ ಅಥವಾ ಮೊಣಕಾಲು ನೋವಿನಿಂದ ಕುಂಟುವುದು, ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿರುವುದು, ಇಂಥ ಲಕ್ಷಣಗಳಿದ್ದರೆ ತಜ್ಞರಲ್ಲಿಗೆ ಕಳುಹಿಸಲು ತಡಮಾಡಬಾರದು. ಕೊನೆಯ ಲಕ್ಷಣವು ಹಾರ್ಮೋನಿನ ದೋಷವನ್ನು ಸೂಚಿಸಬಹುದು.

ಪಥ್ಯ ಮಗುವಿಗೊಬ್ಬರಿಗೇ ಆದರೆ ಅದು ಶಿಕ್ಷೆಯಾಗುತ್ತದೆ. ಬದಲಾಗಬೇಕಾದುದು ಇಡೀ ಮನೆ. 250 ಮಿ.ಲೀ. ತಂಪು ಪಾನೀಯದಲ್ಲಿ ಸಾಮಾನ್ಯವಾಗಿ ಐದಾರು ಚಮಚೆ ಸಕ್ಕರೆಯಿರುತ್ತದೆ. ಅದರ ಬದಲು ನೀರು, ಮಜ್ಜಿಗೆ ಇರಲಿ. ಬೇಕರಿ ತಿಂಡಿಯ ಬದಲು ಹಣ್ಣು, ಉಸಲಿ ಬರಲಿ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಆಟ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಊಟದ ಹೊತ್ತಿನಲ್ಲಿ ಮೊಬೈಲು ದೂರವಿರಲಿ, ಮೊದಲು ಹಿರಿಯರದು. ಪ್ರಸಾದವನ್ನು ಬಿಡಬಾರದೆಂಬುದು ನಮ್ಮ ಸಂಸ್ಕಾರ. ಅದನ್ನು ಪಾಲಿಸುವ ಮಾರ್ಗ ಮೊದಲೇ ಹಿತವಾಗಿ ಬಡಿಸಿ, ಬೇಕೆಂದಾಗ ಮತ್ತೆ ನೀಡುವುದು. ತಟ್ಟೆ ತುಂಬಿಸಿ, ಸಾಕೆಂದ ಮಗುವನ್ನು ಒತ್ತಾಯಿಸುವುದಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ‘ಡುಮ್ಮ’, ‘ಗುಂಡಮ್ಮ’ ಎಂಬ ಹಾಸ್ಯ ನಿಲ್ಲಬೇಕು. ನಾಚಿದ ಮಗು ಆಟದ ಬಯಲಿನಿಂದ ದೂರ ಸರಿಯುತ್ತದೆ, ಕದ್ದು ತಿನ್ನುತ್ತದೆ, ವೈದ್ಯರೆದುರು ಬಾಯಿ ತೆರೆಯದು. ಅದರ ತೂಕ ಅದರ ಅಪರಾಧವಲ್ಲ. ನಾವು ಕೊಂಡು ತಂದ ತಿನಿಸು, ನಾವು ಕಲಿಸಿದ ಅಭ್ಯಾಸಗಳೂ ಅದರಲ್ಲಿ ಸೇರಿವೆ.

ಸದ್ಭಕ್ತರಲ್ಲಿ ಒಂದು ವಿನಂತಿ. ಮುಂದಿನ ಸಲ ಮಗುವನ್ನು ಯಾವ ಕಾರಣಕ್ಕೆ ವೈದ್ಯರಲ್ಲಿಗೆ ಕರೆದೊಯ್ದರೂ, “ಎತ್ತರವನ್ನೂ ಅಳೆದು ನಕ್ಷೆಯಲ್ಲಿ ಗುರುತಿಸಿ ಕೊಡಿ” ಎಂದು ಕೇಳಿರಿ. ಖರ್ಚಿಲ್ಲದ ಈ ಒಂದು ಮಾತು ಮಗುವಿನ ಮುಂದಿನ ಎಷ್ಟೋ ವರ್ಷಗಳನ್ನು ಕಾಯಬಲ್ಲುದು.