ನೆಲಕ್ಕೆ ಒಪ್ಪುವ ಮನೆ



ಗೃಹಾಲಂಕಾರವು ನಮ್ಮ ವ್ಯಾಸಂಗದ ವಿಷಯವಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿದವರಿಗೆ ಸೋಫಾ, ಪರದೆ, ಜಮಖಾನೆಗಳ ಗೊಡವೆ ಏತಕ್ಕೆಂದು ಓದುಗರು ಕೇಳಿದರೆ ಅದು ನ್ಯಾಯವೇ. ಆದರೂ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಅರಿಯದೆ ಆಡಿದ ಮಾತೊಂದು ನಮ್ಮನ್ನು ಬಹುದಿನಗಳಿಂದ ಬಾಧಿಸುತ್ತಿರುವುದೇ ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ಪರಿಚಿತ ಮನೆಯೊಂದರಲ್ಲಿ ಮಗನ ಮದುವೆ ನಿಶ್ಚಯವಾಗಿತ್ತು. ಅದು ಹಳೆಯ ಕಾಲದ ಮನೆ. ನಡುಮನೆಯಲ್ಲೆಲ್ಲ ಕೆಂಪು ಗಾರೆಯ ನೆಲ, ಸುತ್ತಲೂ ಗೇಣಗಲದ ಕರಿಯ ಅಂಚು. ಹುಡುಗ ಹಾಲುಬಣ್ಣದ ಸೋಫಾವನ್ನೂ ಗಾಜಿನ ಮೇಜನ್ನೂ ಕೊಂಡು ತಂದ. ಇಟ್ಟು ನೋಡಿದರೆ ಅವು ಆ ನೆಲದ ಮೇಲೆ ಬೇರೊಬ್ಬರ ಮನೆಯಿಂದ ಬಂದ ಸಾಮಾನಿನಂತೆ ಕಂಡವು. ಸೋಫಾವನ್ನು ಹಿಂದಿರುಗಿಸುವ ಬದಲು ನೆಲವನ್ನೇ ಬದಲಿಸುವುದೆಂದು ತೀರ್ಮಾನವಾಯಿತು. ಹಿರಿಯ ತಾಯಿ ನಮ್ಮನ್ನು ಕರೆದು, "ಶಾಸ್ತ್ರಿಗಳೇ, ಈ ನೆಲ ಮುಚ್ಚಿಸ್ತಾರಂತೆ, ನೀವೊಂದು ಮಾತು ಹೇಳಿ" ಎಂದರು. ನಾವು ನಕ್ಕು, "ನೆಲದಲ್ಲೇನಿದೆ ತಾಯಿ, ಮಕ್ಕಳ ಸಂತೋಷ ಮುಖ್ಯ" ಎಂದುಬಿಟ್ಟೆವು.

ಅಗೆಯುವ ಧೂಳಿಗೆ ಅಂಜಿ ಹಳೆಯ ನೆಲದ ಮೇಲೆಯೇ ಬಿಳಿಯ ವಿಟ್ರಿಫೈಡ್ ಟೈಲ್ಸ್ ಹಾಸಿದರು. ಸಿಮೆಂಟೂ ಟೈಲ್ಸೂ ಸೇರಿ ನಡುಮನೆ ಒಂದೂವರೆ ಅಂಗುಲ ಮೇಲೆದ್ದಿತು. ಕದಗಳ ಅಡಿಯನ್ನು ಕೊಯ್ಯಬೇಕಾಯಿತು. ಹೊಸಿಲು ಅರ್ಧ ಹೂತುಹೋಯಿತು. ಹಣ ಸಾಲದೆ ಊಟದ ಮನೆಯ ನೆಲವನ್ನು ಹಾಗೆಯೇ ಬಿಟ್ಟದ್ದರಿಂದ ಎರಡು ಕೋಣೆಗಳ ನಡುವೆ ಮೆಟ್ಟಿಲೂ ಅಲ್ಲದ ಸಮವೂ ಅಲ್ಲದ ಒಂದು ಅಂಚು ಉಳಿಯಿತು. ಐವತ್ತು ವರ್ಷ ಕತ್ತಲಲ್ಲೂ ಆ ಮನೆಯಲ್ಲಿ ಓಡಾಡಿದ ತಾಯಿಯ ಕಾಲಿಗೆ ಹಳೆಯ ಅಳತೆಯೇ ಗೊತ್ತಿತ್ತು. ಮದುವೆಯಾದ ನಾಲ್ಕನೆಯ ತಿಂಗಳು, ಬೆಳಗಿನ ಜಾವ ಪೂಜೆಗೆ ನೀರು ತರಲೆಂದು ಎದ್ದವರು ಆ ಅಂಚಿನಲ್ಲಿ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಅಂದಿನಿಂದ ಊರುಗೋಲೇ ಸಂಗಾತಿ. ನಮ್ಮನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಮಗೆ ಭಾರವಾಯಿತು.

ಆದ್ದರಿಂದ ಕಳೆದ ಶ್ರಾವಣದಲ್ಲಿ ಬಸವನಗುಡಿಯ ಇನ್ನೊಂದು ಮನೆಯವರು ಇಂತಹದೇ ಪ್ರಶ್ನೆ ಕೇಳಿದಾಗ ನಾವು ಬಾಯಿ ತೆರೆಯುವ ಮುನ್ನ ಹಗಲು ಹೊತ್ತಿನಲ್ಲಿ ಹೋಗಿ ಆ ಮನೆಯನ್ನು ಕಣ್ಣಾರೆ ನೋಡಿದೆವು. ತಿಳಿದ ಗಾರೆ ಕೆಲಸದವರನ್ನೂ ಕೇಳಿದೆವು. ಹಾಗೆ ಸಂಗ್ರಹಿಸಿದ ತಿಳಿವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗು ಪೇಟೆಯ ಜನರನ್ನು ತಲ್ಲಣಗೊಳಿಸಿದ ಅನಂತರ ತುಂಬಿಕೊಂಡವು. ಅಂದು ಕಟ್ಟಿದ ಮನೆಗಳಲ್ಲಿ ವರ್ಣಸಂಯೋಜನೆ ಎಂಬ ಮಾತನ್ನು ಯಾರೂ ಆಡಿದಂತಿಲ್ಲ. ಆದರೆ ಸಂಯೋಜನೆ ತಾನಾಗಿ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡೆಲ್ಲ ಹರಡಿದ ಕೆಂಪು ಹೆಂಚು ಮೇಲೆ, ಕೆಂಪು ನೆಲ ಕೆಳಗೆ, ನಡುವೆ ಸುಣ್ಣದ ಬಿಳಿಯ ಗೋಡೆ, ಅದರಲ್ಲಿ ತೇಗದ ಬಾಗಿಲು. ಅದರೊಳಗೆ ಇದ್ದ ವಸ್ತುಗಳಾದರೂ ಎಷ್ಟು? ಹಿತ್ತಾಳೆಯ ದೀಪ, ಮರದ ಮಣೆ, ಒಂದು ತೂಗುಮಂಚ, ಹತ್ತಿಯ ಜಮಖಾನೆ. ಎಲ್ಲವೂ ಆ ಕೆಂಪಿಗೂ ಬಿಳಿಗೂ ಒಗ್ಗಿದವು.

ಕೆಂಪು ನೆಲವೆಂದರೆ ಕೇವಲ ಬಣ್ಣ ಬಳಿದ ನೆಲವಲ್ಲ. ಸಿಮೆಂಟು ಬಳಕೆಗೆ ಬರುವ ಮುನ್ನ ಸುಣ್ಣ ಮರಳುಗಳನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರು ಬೆರೆಸಿ ಗಾರೆಯನ್ನು ಹದಮಾಡುತ್ತಿದ್ದರು. ಮೇಲ್ಪದರಕ್ಕೆ ಕಬ್ಬಿಣದ ಆಕ್ಸೈಡಿನ ಪುಡಿ ಸೇರಿಸಿ, ಗಟ್ಟಿಯಾಗುವುದರೊಳಗೆ ಕರಣೆಯಿಂದ ತಿಕ್ಕಿ ತಿಕ್ಕಿ ನಯಗೊಳಿಸಿ, ದಿನಗಟ್ಟಲೆ ನೀರು ಕುಡಿಸುತ್ತಿದ್ದರು. ಹಸಿಯಾಗಿರುವಾಗ ಬೆಕ್ಕು ನಡೆದರೂ ಅದರ ಹೆಜ್ಜೆ ಶಾಶ್ವತ. ಅಂತಹ ಹೆಜ್ಜೆಯುಳ್ಳ ಒಂದು ಮನೆ ಮಲ್ಲೇಶ್ವರದಲ್ಲಿ ನಮಗೆ ಗೊತ್ತು, ಮಕ್ಕಳಿಗೆ ಅದೇ ಆ ಮನೆಯ ಆಭರಣ. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಕಬ್ಬಿಣದ ಇದೇ ಆಕ್ಸೈಡು. ಆದಕಾರಣ ಅದು ಬಿಸಿಲಿಗೆ ಮಾಸುವುದಿಲ್ಲ.

ಬಸವನಗುಡಿಯ ಮನೆಯ ಸೊಸೆ ವಿವೇಕಿ. "ಶಾಸ್ತ್ರಿಗಳೇ, ಈ ನೆಲ ಬೆಳಕನ್ನೆಲ್ಲ ನುಂಗಿಬಿಡುತ್ತೆ. ಎಷ್ಟು ಒರೆಸಿದರೂ ಮಂಕು. ಅತ್ತೆಯವರು ಇದ್ದಾರೆ ಅಂತ ಸುಮ್ಮನಿದ್ದೀನಿ" ಎಂದಳು. ಅವಳ ದೂರಿನಲ್ಲಿ ಅರ್ಧ ಸತ್ಯವಿತ್ತು. ಕಡುವರ್ಣದ ನೆಲ ಬೆಳಕನ್ನು ಹಿಂದಿರುಗಿಸುವುದು ಕಡಿಮೆ. ಆ ಕೆಲಸವನ್ನು ಗೋಡೆಯೂ ಮಾಳಿಗೆಯೂ ಮಾಡಬೇಕು. ಆ ಮನೆಯಲ್ಲಾದರೋ ಗೋಡೆಗೆ ಗುಲಾಬಿಯ ಆಯಿಲ್ ಪೇಂಟು, ಕಿಟಕಿಗಳಿಗೆ ಕುಂಕುಮ ಬಣ್ಣದ ದಪ್ಪ ಪರದೆ, ನಡುವೆ ಅದೇ ಬಣ್ಣದ ಕಂಬಳಿಯಂತಹ ಹಾಸು. ಕೆಂಪಿನ ಮೇಲೆ ಕೆಂಪು, ಅದರ ಮೇಲೆ ಮತ್ತೊಂದು ಕೆಂಪು. ಮೂರೂ ಕೂಡಿ ನೆಲದ ನಿಜವಾದ ಬಣ್ಣವೇ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಸನ್ನು ಸುತ್ತಿ ಅಟ್ಟಕ್ಕೆ ಹಾಕಿಸಿದೆವು, ಪರದೆಯನ್ನು ಬಿಚ್ಚಿಸಿದೆವು. ಅಷ್ಟರಿಂದಲೇ ಕರಿಯ ಅಂಚು ಎದ್ದು ಕಂಡಿತು; ಕಿಟಕಿಯ ಸರಳುಗಳ ನೆರಳು ನೆಲದಲ್ಲಿ ಬಿದ್ದಿತು. ಸೊಸೆ ಏನೂ ಹೇಳಲಿಲ್ಲ. ಮರುವಾರ ಗೋಡೆಗೆ ಬಿಳಿ ಬಳಿಸಿದ ಸುದ್ದಿ ಬಂದಿತು.

ಕೆಂಪು ನೆಲಕ್ಕೆ ಒಪ್ಪುವುದು ಮೊದಲನೆಯದಾಗಿ ಹತ್ತಿಯ ಸಹಜವಾದ ಮಾಸಲು ಬಿಳಿ. ಪರದೆ ಆ ಬಣ್ಣದ್ದಾಗಿರಲಿ, ತೆಳುವಾಗಿರಲಿ. ನೀಲಿ ಮತ್ತು ಹಸಿರು ಅದಕ್ಕೆ ಚೆನ್ನಾಗಿ ಹೊಂದುತ್ತವೆ: ಗುಳೇದಗುಡ್ಡದ ಖಣವನ್ನು ದಿಂಬಿಗೆ ಹೊದಿಸುವ ರೂಢಿ ಈಗ ಬಂದಿದೆಯಷ್ಟೆ, ಕೆಂಪು ಖಣವನ್ನು ಬಿಟ್ಟು ನೀಲಿಯದನ್ನೋ ಹಸಿರಿನದನ್ನೋ ಆರಿಸಬೇಕು. ನವಲಗುಂದದ ಜಮಖಾನೆ ಹಾಸುವವರು ಹಳದಿ ನೀಲಿಗಳು ಹೆಚ್ಚಾಗಿರುವುದನ್ನು ತರಲಿ. ಹಿತ್ತಾಳೆಯ ಮಾತು ಹೇಳಬೇಕಾದುದೇ ಇಲ್ಲ, ಸಂಜೆಯ ದೀಪಕ್ಕೆ ಕೆಂಪು ನೆಲವೂ ಜೊತೆಗೂಡಿ ಉರಿದಂತೆ ತೋರುತ್ತದೆ. ಬೀದರಿನ ಬಿದ್ರಿ ಹೂಜಿಯನ್ನು ಕರಿಯ ಗ್ರಾನೈಟ್ ಹಾಸಿದ ಕೋಣೆಯಲ್ಲಿ ಇಟ್ಟವರನ್ನು ಕಂಡಿದ್ದೇವೆ. ಬೆಳ್ಳಿಯ ಗೆರೆಯೊಂದು ಗಾಳಿಯಲ್ಲಿ ತೇಲುವಂತೆ ಕಾಣುತ್ತದೆಯೇ ಹೊರತು ಪಾತ್ರೆ ಕಾಣುವುದಿಲ್ಲ. ಕೆಂಪು ನೆಲದ ಮೇಲೆ ಒಂದು ಚಿಕ್ಕ ಮಣೆ ಹಾಕಿ ಇಡಿ, ಅದರ ಕಪ್ಪಿಗೂ ಬೆಳ್ಳಿಗೂ ಬೆಲೆ ಬರುತ್ತದೆ. ಆಸನಗಳು ತೇಗದ್ದೋ ಬೀಟೆಯದ್ದೋ ಆಗಿ, ಕಾಲುಗಳು ತೆಳುವಾಗಿ, ಕೆಳಗೆ ನೆಲ ಕಾಣುವಂತಿದ್ದರೆ ಉತ್ತಮ. ನೆಲಕ್ಕೆ ಅಂಟಿ ಕೂರುವ ಭಾರದ ಸೋಫಾ ಕೋಣೆಯನ್ನೇ ಅರ್ಧಕ್ಕೆ ಕತ್ತರಿಸುತ್ತದೆ.

ಚಿತ್ತಾರದ ಟೈಲ್ಸ್ ಇರುವ ಮನೆಗಳಿಗೆ ಈ ಮಾತು ಅನ್ವಯಿಸದು. 1922ರಲ್ಲಿ ಮುಂಬಯಿಯಲ್ಲಿ ಸ್ವದೇಶಿ ಪ್ರೇರಣೆಯಿಂದ ಆರಂಭವಾದ ಭಾರತ್ ಫ್ಲೋರಿಂಗ್ಸ್ ಮುಂತಾದವರ ಸಿಮೆಂಟ್ ಟೈಲ್ಸಾಗಲಿ, ಚೆಟ್ಟಿನಾಡಿನಲ್ಲಿ ಗಾಜಿನ ಮೇಲೆ ಬಣ್ಣ ಸುರಿದು ಮಾಡುವ ಆತ್ತಂಗುಡಿ ಟೈಲ್ಸಾಗಲಿ, ತಾವೇ ಹಾಸಿದ ರತ್ನಗಂಬಳಿ ಇದ್ದಂತೆ. ಅವುಗಳ ಮೇಲೆ ಹೂಬಳ್ಳಿಯ ಪರದೆ, ಹೂಬಳ್ಳಿಯ ದಿಂಬು ತಂದರೆ ಸಂತೆಯಾಗುತ್ತದೆ. ಉಳಿದುದೆಲ್ಲ ಒಂದೇ ಬಣ್ಣದ್ದಾಗಿರಲಿ. ಕಲಬುರಗಿ ಕಡೆಯ ಶಹಾಬಾದಿನ ಬೂದು ಕಲ್ಲಿಗೆ ಇದರ ವಿರುದ್ಧ ನೀತಿ. ಅದು ಮೌನಿ, ಇಳಕಲ್ಲಿನ ಕೆಂಪು ಸೆರಗನ್ನೋ ಕೌದಿಯನ್ನೋ ಎಷ್ಟು ಬಣ್ಣದ್ದಾದರೂ ತಾಳಿಕೊಳ್ಳುತ್ತದೆ.

ಹೊಸದಾಗಿ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದವರಿಗೆ ನಾವು ಕೆಂಪು ನೆಲವನ್ನೇ ಮಾಡಿಸಿರೆಂದು ಹೇಳಲಾರೆವು. ಕೈಬಲ್ಲವರು ವಿರಳ. ಕೈಬಾರದವರು ಮಾಡಿದ ನೆಲ ಬಿರಿಯುತ್ತದೆ, ಪುಡಿಯೇಳುತ್ತದೆ. ವಿಟ್ರಿಫೈಡ್ ಟೈಲ್ಸ್ ಎಣ್ಣೆ ಅರಿಶಿನಗಳನ್ನು ಹೀರುವುದಿಲ್ಲ, ಒರೆಸುವುದು ಸುಲಭ, ಅದರಲ್ಲಿ ದೋಷವಿಲ್ಲ. ಕನ್ನಡಿಯಂತೆ ಹೊಳೆಯುವುದನ್ನು ಬಿಟ್ಟು ಮಂದವಾದ, ತುಸು ತರಿಯುಳ್ಳ ಬಗೆಯನ್ನು ಕೇಳಿ ತನ್ನಿ. ನೀರು ಬಿದ್ದಾಗ ಹೊಳಪಿನ ನೆಲ ಹಿರಿಯರಿಗೂ ಬಸುರಿಯರಿಗೂ ವೈರಿ. ಅದರ ತಣ್ಣನೆಯ ಬಿಳುಪಿಗೆ ಮರವೂ ಬಟ್ಟೆಯೂ ಬೆಚ್ಚನೆಯ ಬಣ್ಣವನ್ನು ಕೊಡಬೇಕು. ಬಚ್ಚಲ ಬಾಗಿಲಲ್ಲಿ ಅಂದಕ್ಕೆಂದು ಹಾಕುವ ಚಿಕ್ಕ ಮ್ಯಾಟಿನ ಅಡಿಯಲ್ಲಿ ರಬ್ಬರು ಇಲ್ಲದಿದ್ದರೆ ಅದನ್ನು ಇಂದೇ ತೆಗೆದುಬಿಡಿ.

ಪೂಜೆಯ ಕೋಣೆಯ ವಿಚಾರ ಬೇರೆ. ಅಲ್ಲಿ ಅಮೃತಶಿಲೆಯನ್ನು ಹಾಕಿಸುವ ಆಸೆ ಬಹಳ ಜನರಿಗೆ. ಆದರೆ ಬಿಳಿಯ ಶಿಲೆ ಎಣ್ಣೆಯನ್ನು ಕುಡಿಯುತ್ತದೆ, ಅರಿಶಿನದ ಕಲೆ ಬಿಡುವುದಿಲ್ಲ, ನಿಂಬೆಹುಳಿ ಬಿದ್ದಲ್ಲಿ ಹೊಳಪು ಸುಟ್ಟುಹೋಗುತ್ತದೆ. ಶಹಾಬಾದ್, ಕಡಪ ಕಲ್ಲುಗಳೂ ಸುಣ್ಣದ ಜಾತಿಯವೇ ಆದ್ದರಿಂದ ಹುಳಿಗೆ ಅಂಜುತ್ತವೆ. ಗ್ರಾನೈಟ್ ಹೆಚ್ಚು ತಾಳುತ್ತದೆ. ಕರಿಯದಾದರೆ ಉದುರಿದ ವಿಭೂತಿಯ ಕಣಕಣವೂ ಕಾಣುವುದು, ದಿನವೂ ಒರೆಸುವ ಮನಸ್ಸಿರಬೇಕು. ಕೆಂಪು ನೆಲವನ್ನಾದರೂ ಆಸಿಡ್ ಬೆರೆತ ದ್ರಾವಣದಿಂದ ತೊಳೆಯಲಾಗದು; ಅದು ಸಿಮೆಂಟನ್ನೂ ಸುಣ್ಣವನ್ನೂ ತಿನ್ನುತ್ತದೆ. ಬರಿಯ ನೀರಿನಿಂದ ಒರೆಸಿ, ಎಂದಾದರೊಮ್ಮೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ತಾಗಿಸಿದ ಬಟ್ಟೆಯಿಂದ ಉಜ್ಜಿದರೆ ಸಾಕು. ಎಣ್ಣೆಯ ಜಿಡ್ಡು ಉಳಿಯದಂತೆ ಒಣಬಟ್ಟೆಯಿಂದ ಮತ್ತೆ ಉಜ್ಜುವುದನ್ನು ಮರೆಯಬಾರದು, ಇಲ್ಲವಾದರೆ ಅದೂ ಜಾರುತ್ತದೆ.

ಬಸವನಗುಡಿಯ ಮನೆಯಲ್ಲಿ ಮೂಲೆಯೊಂದರ ನೆಲ ಬಿರಿದಿತ್ತು. ಮುದುಕರಾದ ಗಾರೆ ಕೆಲಸದವರೊಬ್ಬರು ಬಂದು ಅಷ್ಟನ್ನೇ ಕಿತ್ತು ತುಂಬಿಕೊಟ್ಟರು. ಬಣ್ಣ ಹಳೆಯದಕ್ಕೆ ಪೂರ್ತಿ ಸೇರಲಿಲ್ಲ. ತಿಳಿಗೆಂಪಿನ ತೇಪೆಯೊಂದು ಕಾಣುತ್ತದೆ. ಅದರ ಮೇಲೆ ಸೊಸೆ ಅತ್ತೆಯವರ ಓದುವ ಕುರ್ಚಿಯನ್ನು ಇರಿಸಿದ್ದಾಳೆ.

ಚಾಮರಾಜಪೇಟೆಯ ಮನೆಗೂ ಹೋಗಿ ಬಂದೆವು. ಎರಡು ನೆಲಗಳ ನಡುವಿನ ಅಂಚಿಗೆ ತೇಗದ ಇಳಿಜಾರು ಹಲಗೆ ಹಾಕಿಸಿರೆಂದು, ಬಿಳಿಯ ಟೈಲ್ಸಿಗಿಂತ ಬೇರೆಯಾಗಿ ಕಾಣುವಂತೆ ಅದನ್ನು ಕಡುಬಣ್ಣದಲ್ಲೇ ಬಿಡಿರೆಂದು ಹೇಳಿದೆವು. ಮಗ ಮರುದಿನವೇ ಬಡಗಿಯನ್ನು ಕರೆತಂದನಂತೆ. ತಾಯಿ ಈಗ ಊಟದ ಮನೆಗೆ ಒಬ್ಬರೇ ಹೋಗಿ ಬರುತ್ತಾರೆ.