ಕತ್ತಿ ಹಿಡಿಯೋಕೆ ಒಂದು ಕೆಲಸ ಬೇಕು

ಆಫೀಸಿನ ಟ್ರೆಕ್ಕಿಂಗ್ ಗುಂಪುಗಳಲ್ಲಿ ಈಗೊಂದು ಹೊಸ ಖಯಾಲಿ. ಎಲ್ಲರ ಜೇಬಲ್ಲೂ ಮಡಚುವ ಚಾಕು. ಕಪ್ಪು ಬಣ್ಣ, ಗರಗಸದಂಥ ಅಲಗು, ಹೆಸರಿಗೊಂದು ‘ಟ್ಯಾಕ್ಟಿಕಲ್’ ಅನ್ನೋ ಬಾಲ. ಯಾಕಪ್ಪಾ ಅಂದ್ರೆ ‘ಸೇಫ್ಟಿಗೆ ಮಗಾ’ ಅಂತಾರೆ. ಯಾರ ಸೇಫ್ಟಿ, ಯಾರಿಂದ ಅಂತ ಕೇಳಿದ್ರೆ ಉತ್ತರ ಇಲ್ಲ. ವಾರಾಂತ್ಯಕ್ಕೆ ಇವರು ಬರೋದು ನಮ್ಮೂರಿನ ಕಾಡಿಗೇ. ಹಾಗಾಗಿ ಈ ಜಗಳ ನನ್ನದೂ ಹೌದು.

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ ಬೆಳೆದವನಿಗೆ ಕತ್ತಿ ಕಂಡರೆ ಭಯವೂ ಇಲ್ಲ, ಪುಳಕವೂ ಇಲ್ಲ. ತೋಟಕ್ಕೆ ಹೋಗೋರ ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ, ಅಡುಗೆಮನೆಯಲ್ಲಿ ಈಳಿಗೆಮಣೆ. ಪ್ರತಿಯೊಂದಕ್ಕೂ ಒಂದು ಕೆಲಸ, ಒಂದು ಜಾಗ. ನಮ್ಮನೇಲಿ ಕತ್ತಿಯನ್ನ ಕೈಯಿಂದ ಕೈಗೆ ಕೊಡೋ ಹಾಗಿರಲಿಲ್ಲ. ಕೆಳಗಿಡಬೇಕು, ಇನ್ನೊಬ್ಬರು ಎತ್ಕೋಬೇಕು. ಹಾಗೆ ಮಾಡದಿದ್ರೆ ಜಗಳ ಆಗುತ್ತೆ ಅನ್ನೋದನ್ನ ಮೂಢನಂಬಿಕೆ ಅಂತ ನಗಬಹುದು. ಆದ್ರೆ ಎಷ್ಟೋ ಬೆರಳುಗಳನ್ನ ಉಳಿಸಿದ್ದು ಅದೇ ಪದ್ಧತಿ.

ಈಗ ಆತ್ಮರಕ್ಷಣೆಯ ಮಾತು. ಮಡಚುವ ಚಾಕು ಜೇಬಿಂದ ಬರಬೇಕು, ಬಿಚ್ಚಿಕೊಳ್ಳಬೇಕು, ಆಮೇಲೆ ಎದುರಾಳಿ ತೋಳಳತೆಯಲ್ಲಿ ಸಿಗಬೇಕು. ಅಷ್ಟು ಹೊತ್ತು ಅವನು ಕೈಕಟ್ಟಿ ನಿಂತಿರ್ತಾನಾ? ಕಿತ್ತುಕೊಂಡ್ರೆ ಅವನಿಗೆ ಆಯುಧ ತಂದುಕೊಟ್ಟೋರು ನೀವೇ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಓಡಬೇಕಾದ ಕಡೆ ಚಾಕುವಿನ ಧೈರ್ಯದ ಮೇಲೆ ನಿಂತುಬಿಡ್ತೀರಿ.

‘ಹಾಗಾದ್ರೆ ರಾತ್ರಿ ಶಿಫ್ಟ್ ಮುಗಿಸಿ ಬರೋ ಹೆಣ್ಮಕ್ಕಳು ಏನು ಮಾಡ್ಬೇಕು?’ ನ್ಯಾಯವಾದ ಪ್ರಶ್ನೆ. ಅವರ ಭಯ ನಿಜ. ಆದ್ರೆ ಮನೆ ಬಾಗಿಲವರೆಗೆ ಬರೋ ಗಾಡಿ, ರಸ್ತೆಗೆ ದೀಪ, 112ಕ್ಕೆ ಕರೆ ಮಾಡಿದ ತಕ್ಷಣ ಬರೋ ಪೊಲೀಸ್, ಇವೆಲ್ಲ ಕಂಪನಿ ಮತ್ತು ಸರ್ಕಾರದ ಹೊಣೆ. ‘ಬ್ಯಾಗಲ್ಲೊಂದು ಚಾಕು ಇಟ್ಕೊಳಮ್ಮಾ’ ಅನ್ನೋದು ಆ ಹೊಣೆಯನ್ನ ಅವಳ ತಲೆಗೇ ಕಟ್ಟೋ ಉಪಾಯ.

ಕಾನೂನನ್ನೂ ಸ್ವಲ್ಪ ನೋಡಿ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರೋದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಕೃಷಿ ಕೆಲಸಕ್ಕೆಂದೇ ಮಾಡಿದ್ದು ಅದರಿಂದ ಹೊರಗೆ. ಹಾಗಂತ ಸಣ್ಣ ಚಾಕು ಎಲ್ಲಿಗೆ ಬೇಕಾದ್ರೂ ಬರಬಹುದು ಅಂತಲ್ಲ. ವಿಮಾನದ ಕ್ಯಾಬಿನ್‌ಗೆ ಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ದ ವ್ಯಾಖ್ಯೆಯೊಳಗೆ ಚಾಕುವಿನ ಹೆಸರೂ ಇದೆ, ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕಾಗಲಿ, ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಕ್ಕಾಗಲಿ ಹೋಗೋ ಹಾಗಿಲ್ಲ. ಮರದ ತೊಗಟೆ ಕೆತ್ತಿ ಹೃದಯದ ಚಿತ್ರ ಬರೆಯೋ ಪ್ರೇಮಿಗಳೂ ಇದನ್ನ ಓದ್ಕೊಳ್ಳಿ.

ಚಾಕು ಇಟ್ಕೋಬೇಡಿ ಅಂತ ನಾನು ಹೇಳ್ತಿಲ್ಲ. ಹಣ್ಣು ಹೆಚ್ಚೋಕೆ, ಹಗ್ಗ ಕೊಯ್ಯೋಕೆ, ಪಾರ್ಸೆಲ್ ಬಿಚ್ಚೋಕೆ ಅದರಷ್ಟು ಒಳ್ಳೆ ಸಂಗಾತಿ ಇಲ್ಲ. ಆದ್ರೆ ನಿಮ್ಮ ಚಾಕು ಯಾವ ಜಾತಿದು ಅಂತ ಗೊತ್ತಿರಲಿ. ಸ್ವಿಸ್ ಆರ್ಮಿ ಚಾಕುಗಳಲ್ಲಿ ಹೆಚ್ಚಿನವುಗಳ ಅಲಗನ್ನ ಹಿಡಿದಿರೋದು ಒಂದು ಸ್ಪ್ರಿಂಗ್ ಅಷ್ಟೆ. ಚುಚ್ಚೋಕೆ, ಮೀಟೋಕೆ ಹೋದ್ರೆ ಅಲಗು ಮಡಚಿ ಬೆರಳ ಮೇಲೇ ಬೀಳುತ್ತೆ. ಫ್ರಾನ್ಸಿನ ಒಪಿನೆಲ್ ಕಂಪನಿ 1955ರಲ್ಲಿ ಹಿಡಿಯ ತುದಿಗೆ ತಿರುಗೋ ಉಂಗುರ ಹಾಕಿದ್ದೇ ಅಲಗು ಭದ್ರವಾಗಿ ನಿಲ್ಲಲಿ ಅಂತ. ಬೀಗದ ಕೈ, ಚಿಲ್ಲರೆ ಜೊತೆ ಚಾಕುವನ್ನ ಜೇಬಿಗೆ ತುರುಕಬೇಡಿ. ಅಲಗು ಸಡಿಲವಾಗಿದ್ರೆ ತಿರುಪು ಬಿಗಿ ಮಾಡಿ, ಆಗದಿದ್ರೆ ಎಸೀರಿ. ಮೈಯಿಂದ ಆಚೆಗೆ ಕೊಯ್ಯಿರಿ. ಅಲಗು ಮುಚ್ಚೋವಾಗ ಬೆರಳು ಅದರ ದಾರೀಲಿ ಇರಬಾರದು. ಆಗಾಗ ಮಸೆದು ಹರಿತ ಮಾಡ್ಕೊಳ್ಳಿ. ಮೊಂಡು ಚಾಕುವಿಗೆ ಜೋರು ಹಾಕ್ಬೇಕು, ಜೋರು ಹಾಕಿದ್ದು ಜಾರುತ್ತೆ.

ಕೊನೆಗೊಂದು ಮಾತು. ತೋಟದ ಕೆಲಸ ಮುಗಿಸಿ ಬಸ್ ಹತ್ತೋ ಕೂಲಿಯವನ ಚೀಲದಲ್ಲಿ ಕತ್ತಿ ಕಂಡರೆ ನಗರದ ನಮಗೆ ಅವನು ರೌಡಿ ಹಾಗೆ ಕಾಣ್ತಾನೆ. ಐದು ಸಾವಿರದ ಚಾಕು ಬೆಲ್ಟಿಗೆ ಸಿಕ್ಕಿಸಿಕೊಂಡ ಎಂಜಿನಿಯರ್ ‘ಔಟ್‌ಡೋರ್ ಟೈಪ್’ ಆಗ್ತಾನೆ. ಕತ್ತಿಯಿಂದ ಆ ಕೂಲಿಯವನ ಮನೇಲಿ ಒಲೆ ಉರಿಯುತ್ತೆ. ನಿಮ್ಮ ಚಾಕುವಿನಿಂದ ಏನು ನಡೆಯುತ್ತೆ? ಉತ್ತರ ಸಿಕ್ಕಿದ್ರೆ ಜೇಬಲ್ಲಿಟ್ಕೊಳ್ಳಿ, ಸಿಗದಿದ್ರೆ ಅಡುಗೆಮನೇಲಿಡಿ. ಅಲ್ಲಿ ಈರುಳ್ಳಿ ಹೆಚ್ಚೋಕಾದ್ರೂ ಬರುತ್ತೆ.